ಐದನೆಯ ಮಂಗಳವಾರ

ನನ್ನ ನೌಕರಿಯ ಹೆಸರು ಪರಿವೀಕ್ಷಣಾಧಿಕಾರಿ. ಹೆಸರು ಕೇಳಿದವರು ಶಾಲೆ ತಪಾಸಣೆಯವರೋ, ಪರೀಕ್ಷೆಯ ಕೊಠಡಿಯಲ್ಲಿ ಕಾಪಿ ಹಿಡಿಯುವವರೋ ಎಂದು ಕೇಳುತ್ತಾರೆ. ಎರಡೂ ಅಲ್ಲ. ತಪ್ಪು ಸಾಬೀತಾದ ಮೇಲೂ ನ್ಯಾಯಾಧೀಶರು ಕೆಲವರನ್ನು ಜೈಲಿಗೆ ಕಳಿಸುವುದಿಲ್ಲ. ಮೊದಲನೆಯ ತಪ್ಪು, ಹೆಂಡತಿ ಮಕ್ಕಳಿರುವವನು, ಒಳಗೆ ಹಾಕಿದರೆ ಇನ್ನಷ್ಟು ಕೆಟ್ಟು ಹೊರಗೆ ಬರುತ್ತಾನೆ ಎನ್ನಿಸಿದರೆ ಒಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡುತ್ತಾರೆ. ಎರಡು ವರ್ಷವೋ ಮೂರು ವರ್ಷವೋ ಅವನು ನೆಟ್ಟಗೆ ಬಾಳಬೇಕು. ನೆಟ್ಟಗೆ ಬಾಳುತ್ತಿದ್ದಾನೋ ಇಲ್ಲವೋ ಎಂದು ನೋಡಲು ಒಬ್ಬರು ಬೇಕಲ್ಲ, ಆ ಒಬ್ಬರು ನಾನು.

ಸೋಮವಾರ ಸವಣೂರು, ಮಂಗಳವಾರ ಹಿರೇಕೆರೂರು, ಬುಧವಾರ ಹಾನಗಲ್, ಗುರುವಾರ ಶಿಗ್ಗಾವಿ. ಶುಕ್ರವಾರ ಜಿಲ್ಲಾ ಕಚೇರಿಯಲ್ಲಿ ಕಾಗದಪತ್ರ. ಈ ನಾಲ್ಕು ಊರಿನ ಬಸ್ಸುಗಳಲ್ಲಿ ನನ್ನ ಅರ್ಧ ಆಯುಷ್ಯ ಸವೆದಿದೆ. ಯಾವ ಕೋರ್ಟಿನಲ್ಲೂ ನನಗೆ ಸ್ವಂತದ ಖೋಲಿ ಇಲ್ಲ. ಹಿರೇಕೆರೂರಿನಲ್ಲಿ ವರಾಂಡದ ಮೂಲೆಗೆ ಒಂದು ಟೇಬಲ್ಲು ಕೊಟ್ಟಿದ್ದಾರೆ. ಅದರ ಮೇಲೆ ಹಾಜರಿ ಪುಸ್ತಕ ಬಿಚ್ಚಿ ಕೂತರೆ ನನ್ನವರು ಒಬ್ಬೊಬ್ಬರಾಗಿ ಬಂದು ಸಹಿ ಮಾಡುತ್ತಾರೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. "ಹೆಂಗದೀರಿ?" ಎಂದು ನಾನು ಕೇಳುತ್ತೇನೆ. "ಅರಾಮ ಅದೀನ್ರಿ" ಎಂದು ಅವರು ಹೇಳುತ್ತಾರೆ. ಅಲ್ಲಿಗೆ ಸರ್ಕಾರದ ಮೇಲ್ವಿಚಾರಣೆ ಮುಗಿಯುತ್ತದೆ.

ಷರತ್ತು ಮುರಿದವನ ಪ್ರಕರಣ ಹೇಗೆ ತೀರ್ಮಾನವಾಗುತ್ತದೆ ಎಂದು ನೆಂಟರಿಷ್ಟರು ಕುತೂಹಲದಿಂದ ಕೇಳುವುದುಂಟು. ಪಾಟೀಸವಾಲು, ಮೇಜು ಕುಟ್ಟುವುದು, ಅಂಥದ್ದೇನೂ ಇಲ್ಲ. ನಾನು ಒಂದು ಪುಟದ ವರದಿ ಬರೆಯುತ್ತೇನೆ. ನ್ಯಾಯಾಧೀಶರು ಅದನ್ನು ಓದಿ ಆ ಮನುಷ್ಯನಿಗೆ ಸಮನ್ಸ್ ಕಳಿಸುತ್ತಾರೆ. ಬಂದು ನಿಂತವನನ್ನು ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾರೆ. ಅವನು ಕೈಮುಗಿದು "ತಪ್ಪಾತ್ರಿ" ಎನ್ನುತ್ತಾನೆ. ನಮ್ಮ ಕಡೆ ದೊಡ್ಡವರು ಗದರಿಸಿ ಕೇಳುವಾಗ ಕಾರಣ ಹೇಳುತ್ತ ನಿಲ್ಲುವುದು ಎದುರುತ್ತರ ಕೊಟ್ಟಂತೆ. ಮೊದಲು ತಪ್ಪಾಯಿತು ಅನ್ನಬೇಕು. ಅವರು ತಣ್ಣಗಾಗಿ ಮತ್ತೊಮ್ಮೆ ಕೇಳಿದಾಗ ನಡೆದದ್ದನ್ನು ಹೇಳಬೇಕು. ಮನೆಯಲ್ಲಿ ಆ ಮತ್ತೊಮ್ಮೆ ಇರುತ್ತದೆ. ಕೋರ್ಟಿನಲ್ಲಿ ಇರುವುದಿಲ್ಲ. ಗುಮಾಸ್ತರು 'ತಪ್ಪು ಒಪ್ಪಿಕೊಂಡಿದ್ದಾನೆ' ಎಂದು ಬರೆದುಕೊಂಡು ಮುಂದಿನ ಹೆಸರು ಕೂಗಿಸುತ್ತಾರೆ. ಮೊದಲ ಸಲವಾದರೆ ಸಣ್ಣ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಬಹುದು. ಇಲ್ಲವೇ ಅಂದು ಕೊಡದೆ ಬಿಟ್ಟ ಶಿಕ್ಷೆಯನ್ನು ಈಗ ಕೊಟ್ಟು ಜೈಲಿಗೆ ಕಳಿಸಬಹುದು. ಎರಡರಲ್ಲಿ ಯಾವುದು ಎನ್ನುವುದು ಹೆಚ್ಚುಪಾಲು ನನ್ನ ಆ ಒಂದು ಪುಟದ ಮೇಲೆ ನಿಂತಿರುತ್ತದೆ. ಇದು ಚೆನ್ನಾಗಿ ಗೊತ್ತಿದ್ದೂ ಎಷ್ಟೋ ಸಲ ಆ ಪುಟವನ್ನು ನಾನು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬರೆದಿದ್ದೇನೆ.

ಇಲ್ಲಿ ಹೇಳಹೊರಟಿರುವುದು ಚಿಕ್ಕೇರೂರಿನಿಂದ ಒಳಗಿನ ಒಂದು ಹಳ್ಳಿಯ ರೈತನ ಸಂಗತಿ. ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಬದುವಿನ ಜಗಳದಲ್ಲಿ ಸ್ವಂತ ಅಣ್ಣನಿಗೆ ಸಲಿಕೆಯ ಕಾವಿನಿಂದ ಹೊಡೆದು ಮುಂಗೈ ಮುರಿದಿದ್ದ. ತಪ್ಪು ಸಾಬೀತಾಗಿತ್ತು. ಎರಡು ವರ್ಷದ ಮುಚ್ಚಳಿಕೆಯ ಮೇಲೆ ಬಿಟ್ಟಿದ್ದರು. ಊರಿನ ಇಬ್ಬರು ಜಾಮೀನು ನಿಂತಿದ್ದರು. ಷರತ್ತುಗಳಲ್ಲಿ ಒಂದನೆಯದು, ಅಣ್ಣನ ಜೊತೆ ಮತ್ತು ಊರವರ ಜೊತೆ ಶಾಂತಿಯಿಂದ ಇರಬೇಕು. ನಾಲ್ಕನೆಯದು, ಪರಿವೀಕ್ಷಣಾಧಿಕಾರಿ ಹೇಳಿದ ದಿನ ಬಂದು ಸಹಿ ಮಾಡಬೇಕು. ಒಂದು ವಾರ ಬಿಟ್ಟು ಒಂದು ಮಂಗಳವಾರ ಎಂದು ನಾನು ಹೇಳಿದೆ. ಹಿರೇಕೆರೂರಿಗೆ ನಾನು ಹೋಗುವುದು ಮಂಗಳವಾರ, ಅದಕ್ಕೇ ಮಂಗಳವಾರ. ಅವನಿಗೆ ಯಾವ ದಿನ ಅನುಕೂಲ ಎಂದು ನಾನು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಎಂಟು ತಿಂಗಳು ತಪ್ಪದೆ ಬಂದ. ನಾನು ಬರುವ ಮೊದಲೇ ಬಂದು ಕಂಬದ ಬುಡದಲ್ಲಿ ಕೂತಿರುತ್ತಿದ್ದ. ಬಿತ್ತನೆ ಮುಗಿದು, ಕಳೆ ತೆಗೆಯಲು ಸಾಲಿನ ನಡುವೆ ಎಡೆ ಹೊಡೆಯುವ ಹೊತ್ತಿಗೆ ಒಂದು ಮಂಗಳವಾರ ಬರಲಿಲ್ಲ. ಹೋಗಲಿ ಎಂದು ಬಿಟ್ಟೆ. ಮುಂದಿನ ಸರದಿಗೂ ಬರಲಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಜೈಲು ತಪ್ಪಿಸಿದ ಉಪಕಾರ ಎಂಟು ತಿಂಗಳಲ್ಲಿ ಮರೆತು ಹೋಯಿತೇ ಇವನಿಗೆ ಎಂದು ಉರಿದುಕೊಂಡು ಅಲ್ಲೇ ಕೂತು ವರದಿ ಬರೆದೆ.

ವರದಿಯ ನಮೂನೆಯಲ್ಲಿ ಗೃಹಭೇಟಿ ಎಂಬ ಒಂದು ಕಲಂ ಇದೆ. ಅವನ ಮನೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ನಾಲ್ಕು ತಾಲ್ಲೂಕಿಗೆ ಒಬ್ಬಳೇ ಇರುವಾಗ ಹಳ್ಳಿ ಹಳ್ಳಿ ಯಾರು ತಿರುಗುತ್ತಾರೆ? ಟೇಬಲ್ಲಿನ ಮುಂದೆ ಕೂತವನನ್ನೇ ಮನೆಯಲ್ಲಿ ಎಷ್ಟು ಜನ, ಗೋಡೆ ಕಲ್ಲಿನದೋ ಮಣ್ಣಿನದೋ, ಎತ್ತು ಎಷ್ಟು ಎಂದು ಕೇಳಿ ಆ ಕಲಂ ತುಂಬುವುದು ರೂಢಿ. ನನಗಿಂತ ಮೊದಲಿದ್ದವರು ಹಾಗೇ ತುಂಬುತ್ತಿದ್ದರು, ನಾನೂ ತುಂಬಿದೆ. 'ಗೃಹಭೇಟಿ ಮಾಡಲಾಗಿದೆ. ಗೈರುಹಾಜರಿಗೆ ಸೂಕ್ತ ಕಾರಣ ಕಂಡುಬಂದಿರುವುದಿಲ್ಲ.' ಇಷ್ಟು ಬರೆದು ಸಹಿ ಹಾಕಿ ಐದು ಗಂಟೆಯ ಬಸ್ಸಿಗೆ ಓಡಿದೆ.

ನನ್ನ ಪ್ರಕರಣಗಳನ್ನು ನಾನು ಇರುವ ದಿನವೇ ಇಡುವುದರಿಂದ ಸಮನ್ಸಿನ ತಾರೀಖೂ ಮುಂದಿನ ಮಂಗಳವಾರಕ್ಕೆ ಬಿತ್ತು. ಸಮನ್ಸ್ ಕೈಗೆ ಮುಟ್ಟಿದ ಸಹಿ ಬಂತು, ಮನುಷ್ಯ ಬರಲಿಲ್ಲ. ವಾರಂಟು ಹೊರಟಿತು. ಶುಕ್ರವಾರ ಪೊಲೀಸರು ಕರೆದುಕೊಂಡು ಬಂದರು, ನನಗೂ ಬುಲಾವು ಬಂತು. ನ್ಯಾಯಾಧೀಶರು ಮೈಸೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮೆತ್ತನೆಯ ಮಾತು.

"ಸಮನ್ಸ್ ತಲುಪಿತ್ತಾ?"

"ಮುಟ್ಟಿತ್ರಿ."

"ಮತ್ತೆ ಯಾಕೆ ಬರಲಿಲ್ಲ?"

"ತಪ್ಪಾತ್ರಿ ಸಾಹೇಬ್ರ."

ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೇ ಎಂದು ಕೇಳಿದರು. ಬ್ಯಾಡ್ರಿ ಅಂದ. ಹಾಗಾದರೆ ಬರುವ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಜಾಮೀನುದಾರರ ಜೊತೆ ಬಾ, ಅವತ್ತೇ ಆದೇಶ ಮಾಡುತ್ತೇನೆ ಅಂದರು. ಆಗ ಅವನು ಮೊದಲ ಬಾರಿಗೆ ತಲೆ ಎತ್ತಿ, "ಮಂಗಳವಾರ ಒಂದು ಬ್ಯಾಡ್ರಿ" ಅಂದ. ವಕೀಲರ ಸಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರ ಮುಖ ಬಿಗಿಯಿತು. "ನ್ಯಾಯಾಲಯ ನಿನ್ನ ಅನುಕೂಲಕ್ಕೆ ನಡೆಯುತ್ತೇನಪ್ಪ?"

"ತಪ್ಪಾತ್ರಿ."

ಹೊರಗೆ ಬಂದಾಗ ಸರ್ಕಾರಿ ವಕೀಲರು, "ಒಳಗ ಹೋಗೂ ಲಕ್ಷಣ ಐತ್ರಿ ಇಂವಂದು. ಕೈ ಮುರದ ಕೇಸು, ವರ್ಷಕ್ಕ ಕಡಿಮಿ ಇಲ್ಲ" ಎಂದರು. ಆಗಲಿ ಎಂದೇ ನಾನೂ ಅಂದುಕೊಂಡೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಆ 'ಮಂಗಳವಾರ ಒಂದು ಬ್ಯಾಡ್ರಿ' ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡಿತು. ಮಂಗಳವಾರ ಮಂಗಳವಾರ ಎಲ್ಲಿಯೋ ದುಡಿಯಲು ಹೋಗುತ್ತಿರಬೇಕು, ಇಲ್ಲವೇ ಸಂತೆಗೆ ಹೋಗಿ ಕುಡಿಯುತ್ತಿರಬೇಕು ಎಂದು ಲೆಕ್ಕ ಹಾಕಿದೆ. ನಾನೇ ಹೋಗಿ ಹಿಡಿದು ಮೂರು ಗಂಟೆಗೆ ಕೋರ್ಟಿನಲ್ಲಿ ನಿಲ್ಲಿಸುತ್ತೇನೆ ಎಂದು ನಿಶ್ಚಯ ಮಾಡಿದೆ. ನನ್ನ ಮೊದಲ ಗೃಹಭೇಟಿ ಹೀಗೆ ಸೇಡಿನ ಉತ್ಸಾಹದಲ್ಲಿ ಹೊರಟಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಂಗಳವಾರ ಬೆಳಿಗ್ಗೆ ಚಿಕ್ಕೇರೂರಿನಲ್ಲಿ ಇಳಿದು ಟಂಟಂ ಹಿಡಿದೆ. ಊರು ಕಾಣುವಷ್ಟರಲ್ಲಿ ಡ್ರೈವರು ಗಾಡಿ ನಿಲ್ಲಿಸಿಬಿಟ್ಟ.

"ಒಳಗ ಬರಂಗಿಲ್ರಿ ಬಾಯಾರ. ಇವತ್ತ ಅವರ ಊರಾಗ ವಾರ ಐತಿ."

ಬಾಡಿಗೆ ಹೆಚ್ಚಿಗೆ ಕೇಳಲು ನೆವ ಎಂದುಕೊಂಡು ಇಳಿದು ನಡೆದೇ ಹೊರಟೆ. ದಾರಿಯ ಎರಡೂ ಬದಿ ಗೋವಿನಜೋಳ ಮೊಣಕಾಲೆತ್ತರ ಬೆಳೆದಿತ್ತು. ಎಡೆ ಹೊಡೆಯುವ ಕಾಲ, ಆದರೆ ಹೊಲದಲ್ಲಿ ಒಂದು ಎತ್ತೂ ಇಲ್ಲ, ಒಬ್ಬ ಮನುಷ್ಯನೂ ಇಲ್ಲ. ಊರ ಬಾಯಿಯಲ್ಲಿ ದಾರಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ತೋರಣ, ಅದರ ಕೆಳಗೆ ಕುಂಕುಮ ಹಚ್ಚಿದ ಒಂದು ಕಲ್ಲು. ಆಚೀಚೆ ಏಳೆಂಟು ಹೆಂಗಸರು ಕೂತಿದ್ದರು. ಅವರು ಏನೋ ಅನ್ನುವಷ್ಟರಲ್ಲಿ ನಾನು ದಾಟಿ ಒಳಗೆ ಹೋಗಿಯಾಗಿತ್ತು. ಯಾವ ಮನೆಯಿಂದಲೂ ಹೊಗೆ ಇಲ್ಲ, ರೊಟ್ಟಿ ಬಡಿಯುವ ಸಪ್ಪಳ ಇಲ್ಲ, ಹಿಟ್ಟಿನ ಗಿರಣಿ ಬಂದ್. ಇಡೀ ಊರು ಹಗಲು ಹತ್ತು ಗಂಟೆಗೆ ಕಟ್ಟೆಗಳ ಮೇಲೆ ಕೈಕಟ್ಟಿ ಕೂತಿತ್ತು.

ಅವನೂ ಅಲ್ಲೇ ಒಂದು ಕಟ್ಟೆಯ ಮೇಲೆ ಇದ್ದ. ನನ್ನನ್ನು ಕಂಡು ದಡಬಡಿಸಿ ಇಳಿದ. ಭಯಕ್ಕಿಂತ ಮರುಕವೇ ಹೆಚ್ಚಿತ್ತು ಮುಖದಲ್ಲಿ.

"ಬಾಯಾರ, ಇವತ್ತ ಯಾಕ ಬಂದ್ರಿ ನೀವು?"

"ಯಾಕ, ನಿನ್ನ ಕೇಳಿ ಬರಬೇಕಿತ್ತೇನು? ನಡಿ, ಮೂರಕ್ಕ ಕೋರ್ಟು."

ಅವನ ಪಕ್ಕದಲ್ಲಿ ಕೂತಿದ್ದ ಹಿರಿಯ ಮನುಷ್ಯ ಮೆಲ್ಲಗೆ ಎದ್ದ. ಬಲಗೈ ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಏಟು ತಿಂದ ಅಣ್ಣ ಇವನೇ ಎಂದು ತಿಳಿಯಿತು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತಿದ್ದರಲ್ಲ ಎಂದು ಆಗ ಹೊಳೆಯಿತು.

"ಕುಂದರ್ರಿ" ಎಂದ ಅಣ್ಣ. "ಒಳಗ ಬಂದೀರಿ. ಇನ್ನ ದೀಪ ಹಚ್ಚೂತನಕ ಹೊರಗ ಹೋಗಂಗಿಲ್ರಿ. ಅಂವನೂ ಅಷ್ಟ, ನೀವೂ ಅಷ್ಟ."

ವಾರ ಹಿಡಿಯುವುದು ಎಂದರೆ ಏನೆಂದು ನನಗೆ ಕೇಳಿ ಗೊತ್ತಿತ್ತು. ನಾನು ಸವಣೂರಿನ ಪೇಟೆಯಲ್ಲಿ ಬೆಳೆದವಳು, ಅದು ಹಳ್ಳಿಗಳ ಸುದ್ದಿ ಎಂದು ಬಿಟ್ಟಿದ್ದೆ. ಬಿತ್ತಿದ ಮೇಲೆ ಊರದೇವತೆ ದ್ಯಾಮವ್ವನ ಹೆಸರಿನಲ್ಲಿ ಐದು ಮಂಗಳವಾರ ಊರಿಗೆ ಊರೇ ಕೈ ಕಟ್ಟಿ ಕೂರುತ್ತದೆ. ಎತ್ತು ಹೂಡುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಸೂರ್ಯ ಹುಟ್ಟಿದಾಗಿನಿಂದ ಸಂಜೆಯ ದೀಪದವರೆಗೆ ಯಾರೂ ಸೀಮೆ ದಾಟಿ ಹೊರಗೆ ಹೋಗುವಂತಿಲ್ಲ, ಅಂದು ಒಳಗೆ ಬಂದವರಿಗೂ ಅದೇ ಕಟ್ಟು. ಒಬ್ಬರು ದಾಟಿದರೂ ಅಲ್ಲಿಗೆ ಕೆಟ್ಟಿತು, ಮತ್ತೆ ಒಂದನೆಯ ವಾರದಿಂದ ಹಿಡಿಯಬೇಕು. ಎಷ್ಟೋ ಊರುಗಳಲ್ಲಿ ಇದು ಈಗ ಸಡಿಲಾಗಿದೆ. ಈ ಊರಿನಲ್ಲಿ ಆಗಿರಲಿಲ್ಲ. ಅವನು ತಪ್ಪಿಸಿದ್ದು ಒಂದನೆಯ ವಾರ ಮತ್ತು ಮೂರನೆಯ ವಾರ, ಸಮನ್ಸಿಗೆ ಬರದಿದ್ದದ್ದು ನಾಲ್ಕನೆಯ ವಾರ. ಇಂದು ಐದನೆಯದು, ಕಡೆಯದು.

"ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದು ರೇಗಿದೆ. "ಒಂದು ಫೋನ್ ಹಚ್ಚಾಕ ಬರ್ತಿರ್ಲಿಲ್ಲೇನು?"

"ಫೋನ್ ಹಚ್ಚಬ್ಯಾಡ, ಏನಿದ್ರೂ ಬಂದು ಹೇಳು ಅಂತ ನೀವ ಹೇಳಿದ್ರಿ. ಅದಕ್ಕ ಮೊದಲನೇ ವಾರದ ಹಿಂದಿನ ದಿನ ಸೋಮವಾರ ಕೋರ್ಟಿಗೆ ಬಂದಿದ್ದೆನ್ರಿ. ನೀವು ಸವಣೂರಾಗಿದ್ರಿ. ಬಾಯಾರು ನಾಳೆ ಬರ್ತಾರ, ನಾಳೆ ಬಾ ಅಂದ್ರು."

ನಾನು ಹಾಗೆ ಹೇಳಿದ್ದು ನಿಜ. ಇವರೆಲ್ಲ ಹೊತ್ತುಗೊತ್ತಿಲ್ಲದೆ ಫೋನು ಮಾಡುತ್ತಾರೆಂದು ಎಲ್ಲರಿಗೂ ಹಾಗೇ ಹೇಳಿಬಿಟ್ಟಿದ್ದೆ.

"ಅಣ್ಣಾರು ನಿನ್ನ ಕಳಿಸಲಿಲ್ಲೇನು?"

"ನಾ ಹೋಗು ಅಂದೆನ್ರಿ" ಎಂದ ಅಣ್ಣ. "ಮಂದಿಗೆ ನಾ ಹೇಳ್ತೇನಿ, ನೀ ಹೋಗಿ ಸಹಿ ಮಾಡಿ ಬಾ ಅಂದೆ. ಕೇಳಲಿಲ್ಲ."

ಅವನು ನೆಲ ನೋಡುತ್ತ ಹೇಳಿದ. "ಅಣ್ಣನ ಕೈ ಮುರದಾಂವ ವಾರಾನೂ ಮುರದ ಅಂತ ಊರೆಲ್ಲ ಎದ್ದು ನಿಲ್ತಿತ್ರಿ. ಜಗಳ ಆಗ್ತಿತ್ತು. ಊರಾಗ ಶಾಂತಿಲೆ ಇರಬೇಕು ಅನ್ನೂದು ಕಾಗದದಾಗ ಒಂದನೇದ್ರಿ. ಸಹಿ ನಾಕನೇದು. ಎರಡೂ ಆಗಂಗಿಲ್ಲ ಅಂದಾಗ ಒಂದನೇದ ಹಿಡೀಬೇಕಲ್ರಿ?"

ಆ ಷರತ್ತುಗಳನ್ನು ನಾನು ನೂರಾರು ಬಾರಿ ಓದಿ ಹೇಳಿದ್ದೇನೆ, ಅವುಗಳಿಗೆ ನಂಬರು ಯಾಕಿದೆ ಎಂದು ಯೋಚಿಸಿದವಳಲ್ಲ. ಆದರೂ ಹಟ ಬಿಡಲಿಲ್ಲ. ಮೂರು ಗಂಟೆಗೆ ನಾನಾದರೂ ಕೋರ್ಟಿನಲ್ಲಿದ್ದು ಇದನ್ನು ಹೇಳಬೇಕು, ಇಲ್ಲದಿದ್ದರೆ ಇವನಿಗೆ ಜೈಲು ಖಂಡಿತ ಎಂದು ಬ್ಯಾಗು ಎತ್ತಿಕೊಂಡು ಊರ ಬಾಯಿಗೆ ನಡೆದೆ. ಯಾರೂ ತಡೆಯಲಿಲ್ಲ. ಕಲ್ಲಿನ ಹತ್ತಿರ ಕೂತಿದ್ದ ಹೆಂಗಸರು ಎದ್ದು ನಿಂತರು, ಅಷ್ಟೇ. ಅವರಲ್ಲಿ ವಯಸ್ಸಾದವಳೊಬ್ಬಳು ಕೈಮುಗಿದಳು.

"ಹೋಗ್ರಿ ತಾಯಿ. ಸರಕಾರದೋರಿಗೆ ನಾವು ಯಾರು ಹೇಳಾಕ. ನಾಕು ವಾರ ಮುಗದಾವು, ಇದೊಂದ ಉಳದಿತ್ತು. ಮತ್ತ ಹಿಡಿತೇವಿ."

ಮತ್ತೆ ಐದು ಮಂಗಳವಾರ, ಅದೂ ಎಡೆ ಹೊಡೆಯುವ ದಿನಗಳಲ್ಲಿ. ಯಾರ ಸಲುವಾಗಿ ಬಂದವಳು ದಾಟಿದಳು ಎಂದು ಊರು ಕೇಳುತ್ತದೆ. ಉತ್ತರ ಎಲ್ಲರಿಗೂ ಗೊತ್ತಿದೆ. ನಾನು ದಾಟಿ ಕೋರ್ಟಿಗೆ ಹೋಗಿ ಅವನ ನಾಲ್ಕನೆಯ ಷರತ್ತು ಉಳಿಸಬಹುದಿತ್ತು, ಅಷ್ಟರಲ್ಲಿ ಇಲ್ಲಿ ಅವನ ಒಂದನೆಯದು ಮುರಿಯುತ್ತಿತ್ತು. ಹಿಂದಿರುಗಿ ಬಂದು ಕಟ್ಟೆಯ ಮೇಲೆ ಕೂತೆ.

ಕೋರ್ಟಿನ ಗುಮಾಸ್ತರಿಗೆ ಫೋನು ಮಾಡಿದೆ. ಇವತ್ತು ಬರಲಾಗುವುದಿಲ್ಲ ಎಂದೆ. "ಸಾಹೇಬ್ರು ಕೇಳ್ತಾರ್ರಿ ಮೇಡಂ, ಏನ್ ಕಾರಣ ಹೇಳ್ಲಿ?" ಎಂದರು. ಬೇವಿನ ತೋರಣ ದಾಟಲಾಗದೆ ಕೂತಿದ್ದೇನೆ ಎಂದು ಒಬ್ಬ ಅಧಿಕಾರಿ ಫೋನಿನಲ್ಲಿ ಹೇಗೆ ಹೇಳಬೇಕು? "ಬಂದು ಹೇಳ್ತೇನಿ" ಎಂದು ಇಟ್ಟುಬಿಟ್ಟೆ.

ಮಧ್ಯಾಹ್ನ ಅಣ್ಣನ ಹೆಂಡತಿ ಮೊಸರವಲಕ್ಕಿ ತಂದುಕೊಟ್ಟಳು. "ಮೊದಲನೇ ಸಲ ಬಂದ್ರೇನ್ರಿ ನಮ್ಮೂರಿಗೆ?" ಎಂದು ಸಹಜವಾಗಿ ಕೇಳಿದಳು. ಹೌದು ಎಂದೆ. ಅನ್ನುವಾಗಲೇ ನನ್ನ ವರದಿಯ ಕಲಂ ನೆನಪಾಗಿ ಬಟ್ಟಲನ್ನು ಪಕ್ಕಕ್ಕಿಟ್ಟೆ. ಅವನ ಮನೆಯನ್ನೂ ಅಂದೇ ನೋಡಿದೆ. ಕಲ್ಲಿನ ಗೋಡೆ ಎಂದು ಬರೆದಿದ್ದೆ, ಅರ್ಧ ಕಲ್ಲು ಅರ್ಧ ಮಣ್ಣು. ಅಣ್ಣ ನನ್ನ ಜೊತೆ ಬದುವಿನ ತನಕ ಬಂದ. ಬದು ಊರ ಸೀಮೆಯ ಒಳಗೇ ಇತ್ತು. "ಅಂವಗ ಜೇಲಾದ್ರ ನನಗೇನ್ರಿ ಬಂತು?" ಎಂದ. "ಈ ಕೈಲೆ ಎರಡು ಹೊಲ ಯಾರು ಮಾಡಾವ್ರು? ಸಿಟ್ಟು ಇತ್ರಿ ನನಗ, ಇಲ್ಲಂತ ಅಲ್ಲ. ಈಗಿಲ್ಲ." ದೀಪ ಹಚ್ಚಿದ ಮೇಲೆ ಆ ಹೆಂಗಸರು ನನ್ನ ಹಣೆಗೆ ಕುಂಕುಮ ಇಟ್ಟು ಕಳಿಸಿಕೊಟ್ಟರು.

ಅತ್ತ ಮೂರು ಗಂಟೆಗೆ ಕೋರ್ಟಿನಲ್ಲಿ ಹೆಸರು ಕೂಗಿದಾಗ ಅವನೂ ಇಲ್ಲ, ಜಾಮೀನುದಾರರೂ ಇಲ್ಲ, ಪರಿವೀಕ್ಷಣಾಧಿಕಾರಿಯೂ ಇಲ್ಲ. ಈ ಸಲ ಜಾಮೀನಿಲ್ಲದ ವಾರಂಟು ಹೊರಟಿತು. ಗುರುವಾರ ಸಂಜೆ ಅವನನ್ನು ಹಿಡಿದರು, ಶುಕ್ರವಾರ ಹಾಜರುಪಡಿಸಿದರು. ನನಗೆ ಕಾರಣ ಕೇಳುವ ಕಾಗದ ಬಂದಿತ್ತು.

ಶುಕ್ರವಾರ ಅಣ್ಣ, ಜಾಮೀನು ನಿಂತ ಇಬ್ಬರು, ಊರಿನ ಇನ್ನೂ ಐದಾರು ಮಂದಿ ವರಾಂಡದಲ್ಲಿ ಬಂದು ನಿಂತಿದ್ದರು. ನ್ಯಾಯಾಧೀಶರು ಮೊದಲು ನನ್ನನ್ನೇ ಕರೆದರು. ಮಂಗಳವಾರ ಎಲ್ಲಿದ್ದಿರಿ ಎಂದರು. ಇದ್ದದ್ದು ಇದ್ದಂತೆ ಹೇಳಿದೆ. ಅವರ ಕಡೆ ವಾರ ಹಿಡಿಯುವುದು ಇಲ್ಲವೆಂದು ತೋರುತ್ತದೆ, ಎರಡೆರಡು ಸಲ ಕೇಳಿ ತಿಳಿದುಕೊಂಡರು.

"ನಿಮ್ಮನ್ನು ಯಾರಾದರೂ ಕೈಹಿಡಿದು ತಡೆದರಾ?"

"ಇಲ್ಲ ಸರ್. ಹೋಗ್ರಿ ಅಂದರು."

"ಮತ್ತೆ ಯಾಕೆ ಹೋಗಲಿಲ್ಲ?"

"ಹೋಗಬಹುದಿತ್ತು. ನಾನು ಹೋಗಿದ್ದರೆ ಅದರ ಫಲ ಇವನು ಉಣ್ಣಬೇಕಿತ್ತು. ಅದಕ್ಕೇ ಹೋಗಲಿಲ್ಲ. ಇವನೂ ಅದಕ್ಕೇ ಬಂದಿಲ್ಲ."

ಸರ್ಕಾರಿ ವಕೀಲರು ಎದ್ದರು. ಇದನ್ನು ಒಪ್ಪಿದರೆ ನಾಳೆ ಒಬ್ಬೊಬ್ಬ ಒಂದೊಂದು ದೇವರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾನೆ, ಕಾನೂನು ಊರಿಗೊಂದು ಆಗುವುದಿಲ್ಲ ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ನ್ಯಾಯಾಧೀಶರು ತಲೆಯಾಡಿಸಿ ನನ್ನ ವರದಿಯನ್ನು ಕೈಗೆತ್ತಿಕೊಂಡರು.

"ಇದರಲ್ಲಿ ಗೃಹಭೇಟಿ ಮಾಡಲಾಗಿದೆ, ಸೂಕ್ತ ಕಾರಣ ಕಂಡುಬಂದಿಲ್ಲ ಅಂತಿದೆ. ಮನೆಗೆ ಹೋಗಿ ವಿಚಾರಿಸಿದಾಗ ಈ ವಾರದ ವಿಷಯ ಯಾರೂ ನಿಮಗೆ ಹೇಳಲಿಲ್ಲವಾ? ಹೇಳಿಲ್ಲ ಅಂದರೆ ಇದು ಈಗ ಕಟ್ಟಿದ ಕತೆ ಅನ್ನಿಸುತ್ತೆ."

ಪ್ರಶ್ನೆ ಎಲ್ಲಿಗೆ ಬಂದು ನಿಂತಿತೆಂದು ನನಗೆ ತಕ್ಷಣ ಅರ್ಥವಾಯಿತು. ಆ ಕಲಮಿನ ಎರಡು ಶಬ್ದ ಉಳಿಸಿಕೊಂಡರೆ ಅವನು ಸುಳ್ಳುಗಾರನಾಗಿ ಒಳಗೆ ಹೋಗುತ್ತಾನೆ. ಅವನನ್ನು ಉಳಿಸಿದರೆ ಸುಳ್ಳುಗಾರಳು ನಾನಾಗುತ್ತೇನೆ. ಹದಿನೆಂಟು ವರ್ಷದ ನೌಕರಿ, ನಾಲ್ಕು ಕೋರ್ಟಿನಲ್ಲಿ ನನ್ನ ವರದಿಯನ್ನು ಯಾರೂ ಮರಳಿಸಿರಲಿಲ್ಲ ಎಂಬ ಜಂಬ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಕಟಕಟೆಯಲ್ಲಿ ಅವನು ಕೈಮುಗಿದುಕೊಂಡೇ ನಿಂತಿದ್ದ. ಮೊದಲನೇ ಸಲ ಬಂದಿರೇನ್ರಿ ಎಂದು ಕೇಳಿದವಳ ಗಂಡ ಬಾಗಿಲ ಹೊರಗೆ ನಿಂತಿದ್ದ. ಅವರ್‍ಯಾರೂ ನಾನು ಸುಳ್ಳು ಹೇಳಿದರೆ ಬಾಯಿ ಬಿಡುವವರಲ್ಲ ಎಂದೂ ನನಗೆ ಗೊತ್ತಿತ್ತು.

"ಗೃಹಭೇಟಿ ಮಾಡಿರಲಿಲ್ಲ ಸರ್" ಎಂದೆ. "ಮೊದಲು ಹೋದದ್ದು ಈ ಮಂಗಳವಾರವೇ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಅವನ ಕಡೆ ತಿರುಗಿ, ಮೊದಲಿಗಿಂತ ಮೆತ್ತಗೆ, "ಯಾಕೆ ಬರಲಿಲ್ಲ ಅಂತ ಈಗ ನೀವೇ ಹೇಳಿ" ಎಂದರು. ಒಂದನೆಯದು, ನಾಲ್ಕನೆಯದು ಎಂದು ನನಗೆ ಹೇಳಿದ್ದನ್ನೇ ಅವನು ಹೇಳಿದ. ಅಣ್ಣನನ್ನೂ ಒಳಗೆ ಕರೆದು ಕೇಳಿದರು. ಆದೇಶ ಬರೆಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಷರತ್ತು ಬೇಕೆಂದೇ ಮುರಿದದ್ದು ಸಾಬೀತಾಗಿಲ್ಲ, ಮುಚ್ಚಳಿಕೆ ಮುಂದುವರಿಯುತ್ತದೆ. ಸಹಿಗೆ ಇನ್ನು ಮುಂದೆ ಅವನು ಬರುವುದು ಬೇಡ, ಅಧಿಕಾರಿಯೇ ತಿಂಗಳಿಗೊಮ್ಮೆ ಅವನ ಮನೆಗೆ ಹೋಗಿ ಮಾಡಿಸಿಕೊಂಡು ಬರತಕ್ಕದ್ದು. ಆದೇಶದ ಒಂದು ಪ್ರತಿ ನನ್ನ ಮೇಲಧಿಕಾರಿಗಳಿಗೆ. ನನಗೆ ನೋಟಿಸು ಬಂತು, ಬರಬೇಕಾದ ಬಡ್ತಿ ನಿಂತಿತು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ನೋಟಿಸಿಗೆ ಉತ್ತರ ಬರೆಯಲು ಹಳೆಯ ಫೈಲುಗಳನ್ನು ತೆಗೆದಾಗ ಲೆಕ್ಕ ಸಿಕ್ಕಿತು. ನನ್ನ ವರದಿಯ ಮೇಲೆ ಒಳಗೆ ಹೋದವರು ನಾಲ್ವರು. ನಾಲ್ಕರಲ್ಲೂ ಅದೇ ಕಲಂ, ಅದೇ ವಾಕ್ಯ, ಕೆಳಗೆ ನನ್ನ ಸಹಿ. ಒಂದು ಫೈಲು ಯಲವಿಗಿಯವನದು. ಪಂಪ್‌ಸೆಟ್ಟಿನ ತಂತಿ ಕದ್ದವನು, ಮೂರು ತಿಂಗಳು ಸಹಿಗೆ ಬರಲಿಲ್ಲ ಎಂದು ಬರೆದಿದ್ದೆ, ಆರು ತಿಂಗಳು ಶಿಕ್ಷೆ ಮುಗಿಸಿ ಬಂದಿದ್ದ. ಒಂದು ಭಾನುವಾರ ರೈಲು ಹಿಡಿದು ಹೋದೆ. ಸ್ಟೇಷನ್ನಿನಿಂದ ಮನೆ ನಡೆದರೆ ಹತ್ತು ನಿಮಿಷ.

ಅವನು ನನ್ನನ್ನು ಗುರುತಿಸಿ ಚಾಪೆ ಹಾಸಿದ, ಚಹಾ ಮಾಡಿದ. ಒಬ್ಬನೇ ಇದ್ದ. ಆ ಮೂರು ತಿಂಗಳು ಯಾಕೆ ಬರಲಿಲ್ಲ ಎಂದು ಕೇಳಿದೆ. ಈಗ್ಯಾಕ್ರಿ ಅದು ಅಂದ. ಬಿಡಲಿಲ್ಲ ನಾನು.

"ಅವ್ವ ಹಾಸಿಗಿ ಹಿಡದಿದ್ಲರಿ" ಎಂದು ಗೋಡೆಯ ಬದಿಯ ಖಾಲಿ ಹೊರಸನ್ನು ತೋರಿಸಿದ. "ಮಗ್ಗಲ ಬದಲಸಾಕ ಒಬ್ರು ಬೇಕಿತ್ತು. ನಾ ಒಳಗಿದ್ದಾಗ ಹೋದ್ಲು."

"ಕೋರ್ಟಿನ್ಯಾಗ ಯಾಕ ಹೇಳಲಿಲ್ರಿ ನೀವು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಏನ್ ಹೇಳೂದ್ರಿ? ನೀವು ಮನಿಗೆ ಬಂದು ನೋಡೀರಿ ಅಂತ ಅಲ್ಲಿ ಕಾಗದ ಓದಿದ್ರು. ನಾ ಗುಳಿಗಿ ತರಾಕ ಹೋದಾಗ ಬಂದಿರಬೇಕು ಅನ್ಕೊಂಡೆ. ಅವ್ವನ್ನ ಆ ಹೊರಸಿನ ಮ್ಯಾಲೆ ನೋಡಿನೂ ನೀವು ಹಂಗ ಬರದೀರಿ ಅಂದಮ್ಯಾಲೆ, ನಾ ಹೇಳೂದು ಇನ್ನೇನು ಉಳದಿತ್ರಿ?"